ಎರಡನೆಯ ಎಡೆ

“ಸರ್, ನಿಮ್ಮಪ್ಪ ತೀರ್ಕಂಡದ್ದು ಮಳೆಗಾಲದಾಗೇ ಅಲ್ದಾ?”

ಯಜ್ಞೇಶ್ವರನ ಚಹಾ ಲೋಟ ತುಟಿಯ ಹತ್ತಿರ ಬಂದು ನಿಂತಿತು. ಸ್ಟಾಫ್ ರೂಮಿನ ಬಾಗಿಲಲ್ಲಿ ದೀಕ್ಷಾ. ಹತ್ತನೆಯ ತರಗತಿ. ಸುಮಾರು ಎರಡು ತಿಂಗಳು ನಾಪತ್ತೆಯಾಗಿದ್ದವಳು ಇವತ್ತೇ ಶಾಲೆಗೆ ಬಂದಿದ್ದಳು. ಯೂನಿಫಾರ್ಮಿನ ತೋಳು ಬಿಗಿಯಾಗಿತ್ತು.

ಅವನ ಅಪ್ಪ ತೀರಿಕೊಂಡಿರಲಿಲ್ಲ. ಇವತ್ತು ಬೆಳಿಗ್ಗೆಯಷ್ಟೇ ಕಾರವಾರದ ಮನೆಯಲ್ಲಿ ದೋಸೆ ತಣ್ಣಗಾಯಿತೆಂದು ಸೊಸೆಯ ಮೇಲೆ ರೇಗಿದ್ದರು. ಅವನು ಅಂಕೋಲೆ ಬಸ್ಸಿಗೆ ಓಡುವಾಗ ಗೇಟಿನವರೆಗೂ ಬಂದು, “ಕಿವಿ ಮಷೀನಿನ ಸೆಲ್ಲು ಮುಗತ್ತು, ಸಂಜೆ ಬಪ್ಪಕಾರೆ ತಗಂಬಾ. ಮರೆಯಡ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ್ದರು.

“ಹೌದು” ಎಂದ ಯಜ್ಞೇಶ್ವರ. ಯಾಕೆ ಹಾಗೆಂದೆನೆಂದು ಅವನಿಗೇ ತಿಳಿಯಲಿಲ್ಲ. ಕೇಳಿದವರಿಗೆ ಏನಾದರೊಂದು ಹೇಳಿ ಸಾಗಹಾಕುವುದು ಮಾಸ್ತರಿಕೆಯ ಜೊತೆ ಬಂದ ಚಟ.

“ಇವತ್ತು ಅಪ್ಪಂಗೆ ಎಡೆ ಇಡ್ತೇವೆ ಸರ್. ಪಿತೃಪಕ್ಷ ಅಲ್ದಾ? ನೀವು ಬರೂಕೇ ಬೇಕು. ನೀವು ಅಷ್ಟೆಲ್ಲ ಬರೀದಿದ್ರೆ ನಾ ಒಪ್ತಿದ್ದಿಲ್ಲ.”

ನಾನು ಏನು ಬರೆದಿದ್ದೆ? ಅದನ್ನು ಅವಳನ್ನೇ ಕೇಳುವ ಹಾಗಿರಲಿಲ್ಲ. “ನೋಡುವಾ” ಎಂದ.

ಅವನು ಏನೂ ಬರೆದಿರಲಿಲ್ಲ.

ಅವಳ ಅಪ್ಪ ದತ್ತಾ ಹೋದ ವರ್ಷ ಬೇಲೆಕೇರಿಯಿಂದ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಈ ವರ್ಷ ಮಳೆ ಕಡಿಮೆಯಾಗಿ ಬೋಟುಗಳು ಮತ್ತೆ ನೀರಿಗಿಳಿದದ್ದೇ ತಡ, ಹುಡುಗಿ ಶಾಲೆ ಬಿಟ್ಟು ಮನೆ ಹಿಡಿದಳು. ಅವ್ವಿ ಮೀನು ಮಾರಲು ಹೋಗಿರುತ್ತಾಳೆ, ಅಪ್ಪ ಬಂದರೆ ಬಾಗಿಲು ತೆಗೆಯುವವರು ಯಾರು? ಇಷ್ಟೇ ಅವಳ ವಾದ.

ಗೈರುಹಾಜರಾದ ಮಕ್ಕಳನ್ನೆಲ್ಲ ಸಂಪರ್ಕಿಸಿ ಎಂದು ಮೇಲಿನಿಂದ ಆದೇಶ ಬಂತು. ಯಜ್ಞೇಶ್ವರ ತಲೆ ಕೆಡಿಸಿಕೊಳ್ಳಲಿಲ್ಲ. ತಾಲೂಕಿನ ಮಾಸ್ತರರಿಗೆಲ್ಲ ಕೃತಕ ಬುದ್ಧಿಮತ್ತೆ ಕಲಿಸುವ ಸಂಪನ್ಮೂಲ ವ್ಯಕ್ತಿ ಅವನೇ. ಪಾಠ ಯೋಜನೆ ಅದರಿಂದ, ಪ್ರಶ್ನೆಪತ್ರಿಕೆ ಅದರಿಂದ, ಪಾಲಕರ ಸಭೆಯ ಸ್ವಾಗತ ಭಾಷಣವೂ ಅದರಿಂದಲೇ. ಮೊಬೈಲಿನಲ್ಲಿ ಹೀಗೆ ಒತ್ತಿದ್ದ: ಹುಡುಗಿ, ಅಪ್ಪ ಸಮುದ್ರದಲ್ಲಿ ಹೋದ, ಶಾಲೆಗೆ ಬರುತ್ತಿಲ್ಲ, ನಾನೇ ಬರೆದ ಹಾಗೆ ಇರಲಿ, ನೋವು ಉಂಡವನ ಹಾಗೆ ಬರೆ.

ಅದು ಬರೆಯಿತು. ಅವನು ಕಳಿಸಿದ. ಅವಳು ಉತ್ತರ ಬರೆದಳು, ಉದ್ದುದ್ದ. ಅವಳದ್ದನ್ನು ಯಂತ್ರಕ್ಕೆ ಅಂಟಿಸಿದ, ಯಂತ್ರದ್ದನ್ನು ಅವಳಿಗೆ ಅಂಟಿಸಿದ. ಸಂಜೆ ಮನೆಗೆ ಮರಳುವ ಬಸ್ಸು ದಾರಿಯ ಅವರ್ಸಾ ಊರು ದಾಟುವುದರೊಳಗೆ ಆ ದಿನದ ಕರುಣೆ ಮುಗಿಯುತ್ತಿತ್ತು.

ಒಂದನ್ನೂ ಅವನು ಓದಿರಲಿಲ್ಲ. ಅವನದೇ ತರಬೇತಿಯ ಸೂಚನೆಗಳಲ್ಲಿ ‘ಕಳಿಸುವ ಮುನ್ನ ಶಿಕ್ಷಕರು ತಪ್ಪದೇ ಓದಬೇಕು’ ಎಂಬ ಮಾತಿತ್ತು. ಅದನ್ನು ಬರೆದದ್ದೂ ಆ ಯಂತ್ರವೇ.

ಹೆಡ್ ಮೇಡಮ್ ಪರಮೇಶ್ವರಿಯವರ ಕೋಣೆಗೆ ಹೋದ. ಅವರ ಮುಖ ಅರಳಿತ್ತು.

“ಹೆಗಡೆ ಮಾಸ್ತರೇ, ಗೆದ್ರಿ ನೀವು! ನಾಳೆ ಕಾರವಾರದ ತರಬೇತಿಯಲ್ಲಿ ಇದನ್ನೇ ಹೇಳಿ.”

“ಮೇಡಮ್, ಆ ಹುಡುಗಿ ಏನೋ ತಪ್ಪು ತಿಳ್ಕೊಂಡಿದಾಳೆ. ನನ್ನ ತಂದೆ...”

“ಮೊಬೈಲಿಂದ ಬರ್ಸಿದ್ದು ಅಂತ ಅವಳಿಗೆ ಗೊತ್ತಿಲ್ಲ ಅಲ್ವಾ?”

“ಇಲ್ಲ.”

“ಗೊತ್ತಾಗೂದೂ ಬೇಡ. ಈ ಸಲ ಬಿಟ್ಟು ಹೋದ್ರೆ ಅವಳು ಮತ್ತೆ ಬರೂದಿಲ್ಲ, ಪರೀಕ್ಷೇನೂ ಇಲ್ಲ, ಏನೂ ಇಲ್ಲ. ಎಡೆ ವಿಷಯ ನನ್ಗೂ ಹೇಳಿದ್ಲು, ಮಧ್ಯಾಹ್ನ ಹೋಗಿ ಒಂದು ಗಳಿಗೆ ನಿಂತ್ಕಂಡು ಬನ್ನಿ. ನಿಮ್ಮ ಗಂಟೇನೂ ಹೋಗೂದಿಲ್ಲ.”

ಮೇಡಮ್ ಕಡತದ ಕಡೆ ತಿರುಗಿದರು. ಅವನ ತಂದೆಯ ವಿಷಯ ಅಲ್ಲಿಗೇ ಉಳಿಯಿತು.

ಶಾಲೆಯ ಹಿಂದೆ ಗಾಳಿಮರಗಳ ಸಾಲು. ಅಲ್ಲಿ ನಿಂತು ಮೊಬೈಲ್ ತೆಗೆದು, ತಾನು ಕಳಿಸಿದ್ದನ್ನು ಮೊದಲ ಸಲ ಓದಿದ.

‘ದೀಕ್ಷಾ, ನಿನ್ನಷ್ಟೇ ವಯಸ್ಸಿನಲ್ಲಿ ನನ್ನ ಅಪ್ಪನೂ ಹೋದರು. ಹೊರಗೆ ಧೋ ಎಂದು ಮಳೆ. ಅವರ ಚಪ್ಪಲಿ ಬಾಗಿಲಲ್ಲೇ ಇತ್ತು. ಅದನ್ನು ತೆಗೆಯಲು ನಾನು ಯಾರಿಗೂ ಬಿಡಲಿಲ್ಲ. ತೆಗೆದರೆ ಅವರು ಬರುವುದಿಲ್ಲ ಅನಿಸುತ್ತಿತ್ತು. ಎಡೆ ಇಟ್ಟ ದಿನ ಕಾಗೆ ಬಂದು ಮುಟ್ಟಿತು. ಅವತ್ತು ಬಿಕ್ಕಿ ಬಿಕ್ಕಿ ಅತ್ತೆ. ಮರುದಿನ ಚಪ್ಪಲಿ ಒಳಗಿಟ್ಟು ಶಾಲೆಗೆ ಹೋದೆ.’

ಯಾರ ಅಪ್ಪ? ಯಾರ ಚಪ್ಪಲಿ? ಇಷ್ಟು ಪ್ರೀತಿಯಿಂದ ಅಪ್ಪನ ಬಗ್ಗೆ ಒಂದು ಸಾಲನ್ನಾದರೂ ತಾನು ಯಾವತ್ತು ಆಡಿದ್ದೆ? ಅಪ್ಪನ ಚಪ್ಪಲಿ ನೆನಪು ಮಾಡಿಕೊಳ್ಳಲು ನೋಡಿದ. ಕರಿಯದೋ ಕಂದುಬಣ್ಣದ್ದೋ, ನೆನಪಾಗಲಿಲ್ಲ. ದಿನಾ ಅದನ್ನು ದಾಟಿಕೊಂಡೇ ಹೊರಗೆ ಬೀಳುತ್ತಾನೆ.

ಆ ಯಂತ್ರಕ್ಕೇ ಬರೆದ: ‘ನನ್ನ ಅಪ್ಪ ಸತ್ತಿಲ್ಲ.’

ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಬಂತು. ‘ನಿಮ್ಮ ಭಾವನೆ ಅರ್ಥವಾಗುತ್ತದೆ. ಪ್ರೀತಿಸಿದವರು ನಮ್ಮೊಳಗೆ ಸದಾ ಬದುಕಿರುತ್ತಾರೆ. ಈ ನೋವನ್ನು ಆಪ್ತರೊಬ್ಬರ ಬಳಿ ಹಂಚಿಕೊಳ್ಳಿ.’

ನಗು ಬಂತು. ನಗುತ್ತ ಸುತ್ತ ನೋಡಿದ. ಹಂಚಿಕೊಳ್ಳುವಂಥ ಒಂದು ಹೆಸರಾದರೂ ತಲೆಗೆ ಬರಲಿ ಎಂದು ಕಾದ. ಊಟದ ಗಂಟೆ ಹೊಡೆಯಿತು.

ದೀಕ್ಷಾ ಪಾಟಿಚೀಲ ಹೆಗಲಿಗೆ ಹಾಕಿಕೊಂಡೇ ಬಂದಳು. ಇಬ್ಬರೂ ಕಡಲ ಕಡೆ ನಡೆದರು. ಹಳೆಯ ಬಂದರಿನ ಕಡೆಯ ರಸ್ತೆಯ ಅಂಚಿನಲ್ಲಿ ಎಂದೋ ಅದಿರಿನ ಲಾರಿಗಳು ಚೆಲ್ಲಿದ ಕೆಂಪು ಇನ್ನೂ ಹೋಗಿರಲಿಲ್ಲ. ಹೇಳಿಬಿಡಬೇಕು. ಈಗಲೇ. ಮನೆ ಕಾಣುವುದರೊಳಗೆ.

“ದೀಕ್ಷಾ, ಆ ಮೆಸೇಜುಗಳು...”

“ದಿನಾ ಓದ್ತೆ ಸರ್. ಚಪ್ಪಲಿದು ಬಾಯಿಪಾಠ ಆಗೋಯ್ತು.” ಅವಳು ಬೆನ್ನು ತೋರಿಸಿಕೊಂಡೇ ಮಾತಾಡಿದಳು. “ನಮ್ಮಪ್ಪಂದೂ ಬಾಗ್ಲಾಗೇ ಅದೆ. ನಾನು ಯಾರ ಹತ್ರಾನೂ ಹೇಳಿದ್ದಿಲ್ಲ. ನಿಮ್ಗೆ ಹೆಂಗೆ ಗೊತ್ತಾಯ್ತು ಅಂದ್ಕಂಡೆ.”

ಅವನು ಕೈಯಲ್ಲಿದ್ದ ಮೊಬೈಲನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

“ನಾಳೆ ಒಳಗಿಡ್ತೆ ಸರ್. ಕಾಗೆ ಮುಟ್ಟಿದ ಮೇಲೆ. ಆಮೇಲೆ ದಿನಾ ಶಾಲಿಗೆ ಬರ್ತೆ.”

ಅಯ್ಯೋ ದೇವರೇ, ಈ ಹುಡುಗಿಗೆ ಈಗ ಏನಂತ ಹೇಳಲಿ? ನಾಳೆ ಹೇಳಿದರಾಯಿತು. ಚಪ್ಪಲಿ ಒಳಗೆ ಹೋಗಲಿ, ಪರೀಕ್ಷೆ ಮುಗಿಯಲಿ. ಸುಳ್ಳಾದರೇನು, ಹುಡುಗಿ ಬಂದಳಲ್ಲ! ಹೀಗೆ ತನ್ನನ್ನು ತಾನೇ ಸಮಾಧಾನ ಮಾಡುತ್ತ ಮರಳಿಗಿಳಿದ. ಬೂಟಿನೊಳಗೆ ಮರಳು ಸೇರಿತು.

ಮನೆಯೆದುರಿನ ದಂಡೆಯಲ್ಲಿ ದೀಕ್ಷಾಳ ತಾಯಿ ಹೊನ್ನಮ್ಮ ಕಾಯುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಅವಳ ಮುಂದೆ ಬಾಳೆಲೆ. ಒಂದಲ್ಲ, ಎರಡು.

“ಬನ್ನಿ ಮಾಸ್ತರೇ. ನೀವು ಉಣ್ಣೂಕೆ ಬ್ಯಾಡ, ನಿಂತ್ಕಂಡ್ರೆ ಸಾಕು.” ಸೆರಗಿನಿಂದ ಕೈ ಒರೆಸಿಕೊಂಡಳು. “ಇದು ಇವಳಪ್ಪಂದು. ಇದು ನಿಮ್ಮಪ್ಪಂದು.”

“ನನ್ನ...?”

“ನನ್ನ ಮಗಳನ್ನ ಶಾಲಿಗೆ ಕಳ್ಸಿದ್ದು ಅವ್ರೇ ಅಲ್ರಾ? ಅವ್ರಿಗೆ ಇಡ್ದೆ ಹೆಂಗೆ ಉಣ್ಣೂದು?” ಒಂದು ಹೆಜ್ಜೆ ಹಿಂದೆ ಸರಿದಳು. “ಹೆದ್ರಬ್ಯಾಡಿ. ಹೊಸ ಮಡಕೇಲಿ ಬೇಯ್ಸಿದೆ. ಮೀನು ಮುಟ್ಟಿದ ಕೈ ತಾಗ್ಸಲಿಲ್ಲ.”

ದತ್ತಾನ ಎಲೆಯಲ್ಲಿ ಅನ್ನ, ಹುರಿದ ಬಂಗಡೆ, ಒಂದು ಬೀಡಿ. ಎರಡನೆಯ ಎಲೆಯಲ್ಲಿ ಅನ್ನ, ತೊವ್ವೆ, ಬೆಲ್ಲದ ಪಾಯಸ, ಬಾಳೆಹಣ್ಣು. ಪಾಯಸ ಅನ್ನಕ್ಕೆ ಹರಿಯದ ಹಾಗೆ ಎಲೆಯ ತುಂಡಿನಿಂದ ಕಟ್ಟೆ ಕಟ್ಟಿದ್ದಳು. ಯಜ್ಞೇಶ್ವರನಿಗೆ ನಾಚಿಕೆಯಾಯಿತು. ಅಪ್ಪನಿಗೆ ಇಷ್ಟು ಜೋಪಾನವಾಗಿ ಮನೆಯಲ್ಲಿ ಯಾರೂ ಬಡಿಸಿದ್ದಿಲ್ಲ.

“ಹೆಸ್ರು ಸುಬ್ರಾಯ ಅಲ್ರಾ? ಶಾಲೆ ಬೋರ್ಡ್‌ನಾಗೆ ಅದ್ಯಂತೆ.”

ಬೇರೆ ಹೆಸರು ಹೇಳುವಂತಿರಲಿಲ್ಲ. ಈ ಕಡೆ ಅಪ್ಪನ ಹೆಸರು ಮಗನ ಹೆಸರಿನ ನಡುವೆಯೇ ಇರುತ್ತದೆ. ಯಜ್ಞೇಶ್ವರ ಸುಬ್ರಾಯ ಹೆಗಡೆ. ದೀಕ್ಷಾ ದತ್ತಾ ಹರಿಕಂತ್ರ. ಹಾಜರಿ ಕರೆಯುವಾಗೆಲ್ಲ ಅವಳಪ್ಪನ ಹೆಸರೂ ಅವನ ಬಾಯಿಂದ ಬರುತ್ತಿತ್ತು.

“ಕರೀರಿ ಮಾಸ್ತರೇ” ಎಂದಳು ಹೊನ್ನಮ್ಮ. “ಮಕ್ಳು ಕರದ್ರೇ ಬರೂದು.”

ದೀಕ್ಷಾ ಮೊದಲು ಕರೆದಳು. “ಅಪ್ಪಾ, ಬಾರೋ.” ದನಿ ಒಡೆಯಿತು. ಆಮೇಲೆ ಅವನ ಕಡೆ ತಿರುಗಿದಳು.

ಇನ್ನೂ ಹೊತ್ತು ಮೀರಿರಲಿಲ್ಲ. ಒಂದು ಮಾತು ಸಾಕಿತ್ತು. ನನ್ನ ಅಪ್ಪ ಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದಾನೆ, ನನಗೆ ಬೈಯುತ್ತಾನೆ, ಅವನಿಗೆ ಕಿವಿ ಕೇಳಿಸುವುದಿಲ್ಲ. ತನ್ನದೆಂಬ ಒಂದು ವಾಕ್ಯವೂ ಬಾಯಲ್ಲಿ ಇರಲಿಲ್ಲ. ಹುಡುಗಿಯ ಕಣ್ಣು ಅವನ ತುಟಿಯ ಮೇಲಿತ್ತು.

“ಅಪ್ಪಾ” ಎಂದ ಯಜ್ಞೇಶ್ವರ. “ಬಾ.”

ಗಾಳಿಮರದಿಂದ ಕಾಗೆಯೊಂದು ಇಳಿದು ಬಂತು. ಬಂಗಡೆಯ ಎಲೆಯನ್ನು ಓರೆಗಣ್ಣಿನಿಂದ ನೋಡಿತು. ಕುಪ್ಪಳಿಸಿ ದಾಟಿತು. ಸುಬ್ರಾಯ ಹೆಗಡೆಯವರ ಅನ್ನಕ್ಕೆ ಕೊಕ್ಕು ಹಾಕಿತು.

“ನಿಮ್ಮಪ್ಪ ಬಂದ್ರು ಸರ್!”

ಅವಳು ಅವನಿಗಾಗಿ ಸಂತೋಷಪಡುತ್ತಿದ್ದಳು. ಕಾಗೆ ಪಾಯಸ ಮುಗಿಸಿ ಹಾರಿಹೋಯಿತು. ಕಾದರು. ಹೊನ್ನಮ್ಮ ಕಾ ಕಾ ಎಂದು ಕರೆದಳು. ಇನ್ನೆರಡು ಕಾಗೆಗಳು ಬಂದವು, ಅವೂ ಎರಡನೆಯ ಎಲೆಗೇ ಹೋದವು. ಬಂಗಡೆಯ ಮೇಲೆ ನೊಣ ಕೂತಿತು.

“ನಮ್ಮಪ್ಪ ಬರ್ಲಿಲ್ಲ.” ದೀಕ್ಷಾಳ ಮುಖದಲ್ಲಿ ದುಃಖ ಕಾಣಲಿಲ್ಲ. ಕಣ್ಣು ಅರಳುತ್ತಿತ್ತು. “ಸತ್ತೋರದ್ದೇ ಕಾಗೆ ಮುಟ್ಟೂದು ಅಲ್ದಾ ಸರ್? ನಿಮ್ಮಪ್ಪಂದು ಮುಟ್ತು. ನಮ್ಮಪ್ಪಂದು ಮುಟ್ಲಿಲ್ಲ. ಹಂಗಾರೆ ಅಪ್ಪ ಇನ್ನೂ ಬದ್ಕಿದ್ದ!”

“ಸುಮ್ನಿರೇ” ಎಂದಳು ಹೊನ್ನಮ್ಮ. ಆದರೆ ಅವಳೂ ಅವನ ಮುಖವನ್ನೇ ನೋಡುತ್ತಿದ್ದಳು. “ಮಾಸ್ತರೇ, ನೀವು ಕಲ್ತೋರು. ಹೇಳಿ ನಮ್ಮ ಹುಡ್ಗಿಗೆ. ನೀವು ಹೇಳಿದ್ರೆ ಕೇಳ್ತದೆ.”

ಅಷ್ಟರಲ್ಲಿ ಪ್ಯಾಂಟಿನ ಜೇಬಿನಲ್ಲಿ ಮೊಬೈಲ್ ಗುರ್ ಎಂದಿತು. ಈ ಹೊತ್ತಿಗೆ ಫೋನ್ ಮಾಡುವವರು ಒಬ್ಬರೇ. ತೆಗೆದು ತೋರಿಸಿದರೆ ಮುಗಿಯಿತು: ಪರದೆಯ ಮೇಲೆ ಅಪ್ಪ, ಕಿವಿಗಿಟ್ಟರೆ ಅಪ್ಪನ ಕೂಗು. ಕಾಗೆ ಸುಳ್ಳು, ಎಡೆ ಸುಳ್ಳು, ಬರೆದದ್ದೆಲ್ಲ ಸುಳ್ಳೆಂದು ಹುಡುಗಿಗೆ ತಿಳಿಯುತ್ತಿತ್ತು. ಅವನು ಜೇಬಿಗೆ ಕೈ ಹಾಕಿ ಮೊಬೈಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಂಗೈಯಲ್ಲಿ ಅದು ಒದ್ದಾಡಿತು. ನಿಂತಿತು. ಮತ್ತೆ ಶುರುವಾಯಿತು.

ದೀಕ್ಷಾ ಪಾಟಿಚೀಲವನ್ನು ಹೆಗಲಿಂದ ಇಳಿಸಿ ಮರಳ ಮೇಲಿಟ್ಟಳು. ಕಡಲಿನ ಕಡೆ ಮುಖ ಮಾಡಿ ಕೂತಳು. “ಬಾಗ್ಲು ತೆಗ್ದೇ ಇಡು ಅವ್ವಿ” ಎಂದಳು.

ಹೊನ್ನಮ್ಮ ಅವನ ಉತ್ತರಕ್ಕಾಗಿ ಇನ್ನೂ ಕಾಯುತ್ತಿದ್ದಳು. ಜೇಬಿನೊಳಗೆ ಅಪ್ಪ ಕರೆಯುತ್ತಲೇ ಇದ್ದರು. ಎದುರಿಗೆ ಕಾಗೆಗಳು ಅವರ ಎಲೆಯನ್ನು ಹರಿದು ಎಳೆದಾಡುತ್ತಿದ್ದವು, ಒಂದು ಅಗುಳೂ ಉಳಿದಿರಲಿಲ್ಲ.