ತಣ್ಣಗಿದ್ದ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆ. ಈಗ ಅದರ ಕ್ಷಮೆ ಕೇಳಬೇಕಾಗಿದೆ.

ಕೆಲಸ ಕೊಡುವ ಮೊದಲು ಸ್ಟುಡಿಯೋದವರು ಪರೀಕ್ಷೆಗೆಂದು ಒಂದು ನಿಮಿಷದ ಅನಿಮೇಷನ್ ಕೇಳಿದ್ದರು. ಚಿತ್ರಗಳೆಲ್ಲ ಸಿದ್ಧವಿದ್ದವು, ಲ್ಯಾಪ್‌ಟಾಪ್ ಅವನ್ನು ವಿಡಿಯೋ ಮಾಡಿಕೊಟ್ಟಿದ್ದರೆ ಸಾಕಿತ್ತು. ಅದೋ, ಆಮೆಯನ್ನೂ ನಾಚಿಸಿತು. ಗಡುವು ದಾಟಿತು. ಬೇರೆಯವರನ್ನು ತೆಗೆದುಕೊಂಡೆವು ಎಂದು ಇವತ್ತು ಬೆಳಿಗ್ಗೆ ಫೋನ್ ಬಂತು.

"ಹೋಗ್ಲಿ ಬಿಡೇ. ಹಳೇ ಡಬ್ಬ, ಬಿಸಿಯಾಗಿ ಸುಸ್ತಾಗುತ್ತೆ," ಎಂದು ಅಕ್ಕ ತಲೆ ಸವರಿದಳು. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವಳೂ ನನಗೆ ಕಲಿಸಿದವಳೂ ಅವಳೇ. ನಮ್ಮಿಬ್ಬರಿಗೂ ಒಂದೇ ಕೋಣೆ. ಅವಳು ಪುಸ್ತಕ ಓದಿ ಆಡಿಯೋ ರೆಕಾರ್ಡ್ ಮಾಡುತ್ತಾಳೆ, ನಾನು ಚಿತ್ರ ಮಾಡುತ್ತೇನೆ.

ಸಿಟ್ಟಿಗೆ ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚಿ ಕುಳಿತೆ. ಫ್ಯಾನಿನಲ್ಲಿ ಧೂಳೇ ಇರಲಿಲ್ಲ. ಮುಚ್ಚಿ ಮತ್ತೆ ಅದೇ ಕೆಲಸಕ್ಕೆ ಹಚ್ಚಿ ಶಾಖ ನೋಡಿದೆ: ಬರೀ ನಲವತ್ತೆರಡು ಡಿಗ್ರಿ. ಫ್ಯಾನ್ ಉಸಿರೂ ಬಿಡುತ್ತಿಲ್ಲ. ಆದರೂ ಅದೇ ಆಮೆ ನಡಿಗೆ! ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಸರಿ. ತಣ್ಣಗಿರುವುದಕ್ಕೇನು ಧಾಡಿ?

ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆದು ಹುಡುಕಿದೆ. ಪ್ರೊಸೆಸರಿನ ವೇಗ ಮೇಲೇರದಂತೆ ಯಾರೋ ಕೆಳಗೇ ಕಟ್ಟಿಹಾಕಿದ್ದರು. ಪ್ರತಿ ಸಲ ಆನ್ ಮಾಡಿದಾಗಲೂ ಮತ್ತೆ ಕಟ್ಟುವ ಏರ್ಪಾಟೂ ಇತ್ತು. ಅದನ್ನು ಮಾಡಲು ಪಾಸ್‌ವರ್ಡ್ ಬೇಕು. ಅದು ಗೊತ್ತಿದ್ದವರು ನಾವಿಬ್ಬರೇ.

"ಅಕ್ಕಾ, ಇದು ನೀನು ಮಾಡಿದ್ದಾ?"

ಅವಳು ಮೈಕಿನ ವೈರು ಸುತ್ತುತ್ತಲೇ ಇದ್ದಳು. "ನಿನ್ನ ಫ್ಯಾನ್ ಸದ್ದು ನನ್ನ ರೆಕಾರ್ಡಿಂಗಲ್ಲಿ ಕೇಳ್ತಿತ್ತು ಕಣೇ. ಆಡಿಯೋ ಮಾಡಿಸೋರು ಎಲ್ಲಾ ವಾಪಸ್ ಕಳಿಸ್ತಿದ್ರು. ನಿಧಾನ ಮಾಡಿದ್ರೆ ಅದು ಸುಮ್ನಿರುತ್ತೆ ಅಂತ..."

"ಹೇಳಿದ್ರೆ ನಾನೇ ಹೊರಗೆ ಹಾಲ್‌ಗೆ ಹೋಗಿ ಕೂರ್ತಿದ್ನಲ್ಲ!"

"ಹೇಳೋಣ ಅಂದ್ಕೊಂಡೆ. ಅಷ್ಟ್ರಲ್ಲಿ ನಿನ್ನ ಪರೀಕ್ಷೆ ಬಂತು. ಆಗ ಹೇಳಿದ್ರೆ ನೀನು ಸುಮ್ನೆ ಬಿಡ್ತಿದ್ಯಾ?"

ಗಡುವು ಹತ್ತಿರವಾದಂತೆ ಆ ಪರದೆಯ ಮುಂದೆ ನಾನು ಅಳುತ್ತಿದ್ದಾಗ ಇವಳು ಪಕ್ಕದಲ್ಲಿ ಕೂತು, ನನ್ನ ಜೊತೆ ಸೇರಿ ಡಬ್ಬವನ್ನು ಬೈಯುತ್ತಿದ್ದಳು. ಒಂದು ಮಾತು ಹೇಳಿದ್ದರೆ ಆ ಕೆಲಸ ನನ್ನದಾಗುತ್ತಿತ್ತು. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ಬೇರೆ ಯಾರು ಮಾಡಿದ್ದರೂ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಕಟ್ಟು ಬಿಚ್ಚಿದೆ. ಫ್ಯಾನ್ ಗುರ್ರೆಂದಿತು. ಯಾರಿಗೂ ಬೇಡವಾದ ನನ್ನ ಒಂದು ನಿಮಿಷದ ಚಿತ್ರ ಊಟದ ಹೊತ್ತಿಗೆ ಮುಗಿದುಹೋಯಿತು. ಆಮೇಲೆ ಪಾಸ್‌ವರ್ಡ್ ಬದಲಿಸಿದೆ.

"ಹೊಸದು ಏನಿಟ್ಟೆ?" ಅಕ್ಕ ಎಂದಿನಂತೆ ಕೇಳಿದಳು.

ಬುದ್ಧಿ ಬಂದಾಗಿನಿಂದ ಅವಳಿಂದ ನಾನು ಏನನ್ನೂ ಮುಚ್ಚಿಟ್ಟವಳಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಹಾಲ್‌ಗೆ ಹೋದೆ.