ಹತ್ತೊಂಬತ್ತು ಗಂಟೆಯ ಕೂಸು

ಪಾಸಾಗಲು ಇಪ್ಪತ್ತೈದು ಬೇಕು. ನನಗೆ ಬಂದದ್ದು ಇಪ್ಪತ್ತನಾಲ್ಕೂವರೆ. ನರ್ಸಿಂಗ್ ಮೂರನೆಯ ವರ್ಷದ ಕಿರುಪರೀಕ್ಷೆ, ವಿಷಯ ನವಜಾತ ಶಿಶುವಿನ ಕಾಮಾಲೆ. "ಯಾವಾಗ ಕಂಡರೆ ಅಪಾಯ?" ಎಂಬ ಪ್ರಶ್ನೆಗೆ ನಾನು "ಮೊದಲ ದಿನ" ಎಂದು ಬರೆದಿದ್ದೆ. ಮೇಡಂ ಅದನ್ನು ಹೊಡೆದುಹಾಕಿ, "ಮೊದಲ ಇಪ್ಪತ್ತನಾಲ್ಕು ಗಂಟೆ" ಎಂದು ಕೆಂಪು ಶಾಯಿಯಲ್ಲಿ ತಿದ್ದಿ, ಅರ್ಧ ಅಂಕ ಕತ್ತರಿಸಿದ್ದರು. ದಿನಕ್ಕೆ ಇಪ್ಪತ್ತನಾಲ್ಕಲ್ಲದೆ ಇನ್ನೆಷ್ಟು ಗಂಟೆ? ಗೆಳತಿಯರು ಆಗಲೇ ನನ್ನನ್ನು 'ಅರ್ಧಾಂಗಿ' ಎಂದು ಕರೆಯತೊಡಗಿದ್ದರು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ, ಉತ್ತರಪತ್ರಿಕೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಜಗಳಕ್ಕೆ ಸಿದ್ಧಳಾಗಿ ಬಾಣಂತಿಯರ ವಾರ್ಡಿಗೆ ಹೋದೆ. ಮೇಡಂ ಆ ತುದಿಯ ಮಂಚದ ಬಳಿ ಇದ್ದರು. ಅವರ ಕೆಲಸ ಮುಗಿಯಲೆಂದು ಕಿಟಕಿ ಪಕ್ಕದ ಮಂಚದ ಹತ್ತಿರ ನಿಂತೆ. ಬಾಣಂತಿ ಮಗ್ಗುಲಾಗಿ ಮಲಗಿದ್ದಳು. ಅವಳ ತಾಯಿಯ ತೊಡೆಯ ಮೇಲೆ ಕೂಸು.

"ಒಂದ್ಸಲ ನೋಡ್ಲಾ ಅಜ್ಜಿ?"

"ನೋಡಮ್ಮ, ಕಣ್ತುಂಬ ನೋಡು. ಹೇಗೆ ಹೊಳೀತಿದಾನೆ, ಅಪ್ಪಟ ಚಿನ್ನ!"

ಚಿನ್ನ ಎಂದದ್ದೇ ನನಗೆ ಚುಚ್ಚಿತು. ಕೈ ತೊಳೆದು ಬಂದು ಕೂಸಿನ ಹಣೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟೆ. ಒತ್ತಿದ ಜಾಗ ಕ್ಷಣಕಾಲ ಬಿಳಿಚಿಕೊಳ್ಳಬೇಕಿತ್ತು, ಹಳದಿಯಾಗಿತ್ತು. ಎದೆಯ ಮೇಲೂ ಅಷ್ಟೇ.

ಮಂಚಕ್ಕೆ ತೂಗಿದ್ದ ಹಾಳೆಯಲ್ಲಿ "ಎರಡನೆಯ ದಿನ" ಎಂದಿತ್ತು. ಸದ್ಯ! ಎರಡು-ಮೂರನೆಯ ದಿನ ಎಷ್ಟೋ ಮಕ್ಕಳಿಗೆ ಕಾಮಾಲೆ ಬಂದು ತಾನೇ ಇಳಿಯುತ್ತದೆ. ಆದರೂ ಕೇಳಿದೆ.

"ಹುಟ್ಟಿದ್ದು ಮೊನ್ನೆನಾ ಅಜ್ಜಿ?"

"ಎಲ್ಲಿ ಮೊನ್ನೆ! ನಿನ್ನೆ ಮಧ್ಯಾಹ್ನ ಎರಡೂವರೆಗೆ. ತುತ್ತು ಬಾಯಿಗಿಡ್ತಿದ್ದೆ, ಕಿರ್ ಅಂದ. ಆ ತುತ್ತು ಇನ್ನೂ ತಟ್ಟೆಲೇ ಇರ್ಬೇಕು."

ನಿನ್ನೆ ಒಂದು, ಇವತ್ತು ಎರಡು. ಕ್ಯಾಲೆಂಡರಿನ ಲೆಕ್ಕ ಸರಿಯಾಗಿಯೇ ಇತ್ತು. ನಾನು ಬೆರಳು ಮಡಚಿ ಗಂಟೆ ಎಣಿಸಿದೆ. ಹತ್ತೊಂಬತ್ತು. ಮತ್ತೊಮ್ಮೆ ಎಣಿಸಿದರೂ ಹತ್ತೊಂಬತ್ತೇ. ಈಗ ಬಾಯಿ ಬಿಟ್ಟರೆ ಜೇಬಿನಲ್ಲಿದ್ದ ನನ್ನ ವಾದ ಅಲ್ಲೇ ನೆಲಕಚ್ಚುತ್ತಿತ್ತು. ಓಡಿದೆ.

"ಮೇಡಂ! ಕಿಟಕಿ ಪಕ್ಕದ ಪಾಪುಗೆ ಕಾಮಾಲೆ. ಎದೆವರೆಗೂ ಇಳಿದಿದೆ."

"ಎಷ್ಟನೇ ದಿನ?"

"ದಿನ ಬಿಡಿ ಮೇಡಂ. ಹತ್ತೊಂಬತ್ತು ಗಂಟೆ!"

ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ಅವರೂ ಓಡಿದರು. ಡಾಕ್ಟರು ಬಂದರು; ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದರು. ತಾಯಿಯದು ಓ ಗುಂಪು, ಕೂಸಿನದು ಎ; ಎರಡೂ ಹೊಂದದೆ ಕೂಸಿನ ರಕ್ತಕಣಗಳು ಒಡೆಯುತ್ತಿದ್ದವು. ಕಾಮಾಲೆಯ ಅಂಶ ಆ ವಯಸ್ಸಿಗೆ ತೀರಾ ಹೆಚ್ಚು. ಮಧ್ಯಾಹ್ನದೊಳಗೆ ಅವನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನೀಲಿ ದೀಪದ ಕೆಳಗೆ ಕೈಕಾಲು ಚಾಚಿದ್ದ.

"ಯಾವ ಸಾಹುಕಾರನ ಗತ್ತು ನೋಡು," ಎಂದು ಅಜ್ಜಿ ಮೂಗೊರೆಸಿಕೊಂಡರು.

"ಅಮ್ಮಾ, ಅಳ್ತೀಯೋ ನಗ್ತೀಯೋ, ಒಂದು ಮಾಡು," ಎಂದಳು ಮಗಳು.

ಮೂರು ದಿನಕ್ಕೆ ಕಾಮಾಲೆ ಇಳಿಯಿತು. "ಚಿನ್ನ ಹೋಗಿ ತಾಮ್ರ ಆಯ್ತು. ಸಾಕಪ್ಪಾ, ತಾಮ್ರನೇ ಇರ್ಲಿ!" ಎಂದು ಅಜ್ಜಿ ವಾರ್ಡಿಗೆಲ್ಲ ಕೇಳುವಂತೆ ಸಾರಿದರು.

ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ಅವತ್ತು ಏನೋ ಕೇಳೋಕೆ ಬಂದಿದ್ದೆಯಲ್ಲ?"

"ಏನಿಲ್ಲ ಮೇಡಂ."

"ಅರ್ಧ ಅಂಕನಾ?"

"ಬೇಡ ಮೇಡಂ. ಕೊಟ್ರೆ ತಪ್ಪಾಗುತ್ತೆ."

"ಕೊಡ್ತೀನಿ ಅಂತ ಯಾರು ಹೇಳಿದ್ರು? ಸೋಮವಾರ ಮರುಪರೀಕ್ಷೆ. ಓದ್ಕೊಂಡು ಬಾ."

ಅದೇ ಪ್ರಶ್ನೆ ಬಂತು. ನನ್ನ ಉತ್ತರದಲ್ಲಿ 'ದಿನ' ಎಂಬ ಪದವೇ ಇರಲಿಲ್ಲ. ಐವತ್ತಕ್ಕೆ ನಲವತ್ತೊಂಬತ್ತೂವರೆ ಬಿತ್ತು. ಆ ಅರ್ಧ ಎಲ್ಲಿ ಹೋಯಿತೆಂದು ಕೇಳಲು ಮಾತ್ರ ನಾನು ಹೋಗಲಿಲ್ಲ.