ಬಿರಡೆ ಭಾವನ ಕಲ್ಲುಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು, ಎರಡನ್ನೂ ಮಾಡಿ ಬದುಕಿ ಉಳಿದರೆ ಭಾವನ ಕೈಗೆ ಸಿಲಿಕಾನ್ ಗನ್ ಕೊಟ್ಟು ನೋಡು. ಗಾದೆಗೆ ಬಾಲ ಅಂಟಿಸಿದವನು ನಾನೇ. ಕಥೆಗೆ ಮಾತ್ರ ಬಾಲವೂ ಇಲ್ಲ, ಕೊಂಬೂ ಇಲ್ಲ, ಅಪ್ಪಟ ನಿಜ.

ನನ್ನದು ಕೃತಕ ಕಲ್ಲಿನ ವ್ಯಾಪಾರ. ಸಿಮೆಂಟಿನಲ್ಲಿ ಅಚ್ಚು ಹೊಯ್ದು ಬಣ್ಣ ಕೊಟ್ಟ ತೆಳು ಕಲ್ಲುಗಳನ್ನು ಹೊರಗೋಡೆಗೆ ಕೂರಿಸಿದರೆ ಸಾಧಾರಣ ಮನೆಯೂ ಕೋಟೆಯ ಮೊಮ್ಮಗುವಿನಂತೆ ಕಾಣುತ್ತದೆ. ಅಕ್ಕನಿಗೆ ಬಹಳ ದಿನದ ಆಸೆಯೆಂದು ಅವಳ ಮನೆಯ ಮುಂಭಾಗಕ್ಕೂ ಹಾಕಿಕೊಟ್ಟೆ. ಅಕ್ಕನ ಗಂಡ, ಅಂದರೆ ನನ್ನ ಭಾವ, ಸಂದು ಕಂಡರೆ ಸಹಿಸುವವರಲ್ಲ. ಕಿಟಕಿಯ ಸಂದಿಗೆ ಬಟ್ಟೆ, ಬೀಗದ ತೂತಿಗೆ ಹತ್ತಿ, ಬೇರೆಯವರ ಮಾತಿನ ನಡುವೆ ಸಂದು ಸಿಕ್ಕರೆ ಅಲ್ಲಿಗೊಂದು ಉಪದೇಶ. ಹಾಗಾಗಿ ಬೆನ್ನ ಹಿಂದೆ ನಾವೆಲ್ಲ ಕರೆಯುವುದು ‘ಬಿರಡೆ ಭಾವ’.

ಕಲ್ಲಿನ ಬುಡದಲ್ಲಿ, ನೆಲಕ್ಕಿಂತ ಗೇಣು ಮೇಲೆ, ತೂತುಗಳಿರುವ ಒಂದು ತಗಡಿನ ಪಟ್ಟಿ ಕೂರಿಸಿರುತ್ತೇವೆ. ಎಂಥ ಕಲ್ಲಾದರೂ ಮಳೆನೀರು ಅಷ್ಟೋ ಇಷ್ಟೋ ಹಿಂದಕ್ಕೆ ನುಸುಳಿಯೇ ನುಸುಳುತ್ತದೆ. ಅದು ಒಳಗಿನ ನೀರುತಡೆ ಹಾಳೆಯ ಮೇಲೆ ಜಾರಿ ಆ ತೂತುಗಳಿಂದ ಹೊರಗೆ ಬೀಳಬೇಕು. ಭಾವನ ಕಣ್ಣಿಗೆ ಅದು ಇರುವೆಗಳ ಹೆಬ್ಬಾಗಿಲಾಗಿ ಕಂಡಿತು. ನಾನು ಆ ಕಡೆ ಹೋದದ್ದೇ ತಡ, ಮೊಣಕಾಲೂರಿ ಈ ತುದಿಯಿಂದ ಆ ತುದಿಯವರೆಗೆ, ಸಂದು ಮುಚ್ಚುವ ಸಿಲಿಕಾನ್ ಅಂಟನ್ನು ಗನ್ನಿನಿಂದ ಬಳಿದುಬಿಟ್ಟರು.

ಮಳೆ ಹಿಡಿಯಿತು. ಮಲಗುವ ಕೋಣೆಯ ಗೋಡೆಯ ಬಣ್ಣ ಗುಳ್ಳೆಯೆದ್ದಿತು. ಅಕ್ಕನ ಫೋನು ಬಂತು.

“ಬೇಗ ಬಾರೋ. ನಾಳೆ ಆಳುಗಳನ್ನ ಕರೆಸಿ ಅಷ್ಟೂ ಕಲ್ಲು ಕೀಳಿಸ್ತಾರಂತೆ. ಬುಡದ ತೂತು ಬಿಡಿಸಿ ಅಂದ್ರೆ ಇನ್ನೆರಡು ಸಿಲಿಕಾನ್ ಟ್ಯೂಬು ತಂದಿಟ್ಕೊಂಡಿದಾರೆ!” ಅವಳ ದನಿ ಆಗಲೇ ಅಳುವಿನ ಹೊಸ್ತಿಲಲ್ಲಿತ್ತು.

ಹೋಗಿ ನಾನೂ ಹೇಳಿ ನೋಡಿದೆ.

“ಏನಯ್ಯಾ, ಸೋರ್ತಿರೋ ಮನೆಗೆ ತೂತು ಮಾಡು ಅಂತೀಯಲ್ಲ,” ಎಂದರು ಭಾವ. “ದೋಣಿ ವ್ಯಾಪಾರ ಮಾಡಿದ್ರೆ ಊರನ್ನೇ ಮುಳುಗಿಸ್ತಿದ್ದೆ. ನಿಮ್ಮ ಫ್ಯಾಕ್ಟರಿಯ ದೊಡ್ಡೋರು ಯಾರಾದ್ರೂ ಹೇಳಲಿ, ಕೇಳ್ತೀನಿ.”

ಕೇಳುತ್ತಾರಂತೆ! ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ತರಗತಿಗೇ ರಜೆ ಕೊಡಿಸಿದ ಗಂಟಲು ನನ್ನದು. ಅಕ್ಕನನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ ಉಸುರಿದೆ. ಆಮೇಲೆ ಅಂಗಳ ಕಾಣುವ ಹಾಗೆ ಗೇಟಿನಾಚೆ ನಿಲ್ಲಿಸಿದ್ದ ನನ್ನ ವ್ಯಾನಿನಲ್ಲಿ ಕೂತು, ಬೇರೊಂದು ನಂಬರಿನಿಂದ ಭಾವನಿಗೆ ಫೋನು ಹಚ್ಚಿದೆ.

“ಫ್ಯಾಕ್ಟರಿಯ ಪರೀಕ್ಷಾ ವಿಭಾಗ,” ಎಂದೆ, ಮಡಕೆಯೊಳಗೆ ಮುಖವಿಟ್ಟವನ ದನಿಯಲ್ಲಿ. “ಕಲ್ಲು ಕೀಳೋಕೆ ಮುಂಚೆ ಮಾಲೀಕರ ಪರೀಕ್ಷೆ ಆಗ್ಬೇಕು. ರೈನ್‌ಕೋಟು, ಗಮ್‌ಬೂಟು ಇದೆಯಾ?”

“ಇದೆ ಸಾರ್!” ಜನ್ಮದಲ್ಲಿ ಮೊದಲ ಸಲ ಭಾವ ನನ್ನನ್ನು ಸಾರ್ ಅಂದರು.

“ಹಾಕ್ಕೊಂಡು ಅಂಗಳಕ್ಕೆ ಬನ್ನಿ. ರೈನ್‌ಪ್ಯಾಂಟಿನ ತುದೀನ ಬೂಟಿನ ಮೇಲೆಳೆದು ಬಿಗಿಯಾಗಿ ಟೇಪ್ ಸುತ್ತಿ. ಗಾಳಿನೂ ಆಡಬಾರದು.”

ಸಂದು ಮುಚ್ಚುವ ಕೆಲಸ, ಹೇಳಬೇಕೆ? ಅರ್ಧ ಸುರುಳಿ ಟೇಪು ಮುಗಿಸಿದರು.

“ಈಗ ನೀವೇ ಗೋಡೆ. ನಿಮ್ಮ ಮನೆಯವರು ಕಾಲರಿನ ಸಂದಿಯಿಂದ ಒಂದು ಚೊಂಬು ನೀರು ಹಾಕ್ಲಿ. ಅದು ಮಳೆ.”

ಅಕ್ಕ ಬಕೆಟ್ಟನ್ನೇ ತಂದಳು. ಕಿಟಕಿ ತೆರೆಯದೆ ಬೆವರಿದ ಅಷ್ಟೂ ವರ್ಷಗಳ ಸೇಡು ಆ ಬಕೆಟ್ಟಿನಲ್ಲಿತ್ತು.

“ಅಯ್ಯಯ್ಯೋ! ಸಾಕು ಕಣೇ!”

“ಸಾಕು ಅಂದ್ರೆ ಮಳೆ ನಿಲ್ಲುತ್ತೇನ್ರೀ?”

“ನೀರು ಈಗ ಎಲ್ಲಿದೆ?” ಎಂದಿತು ಮಡಕೆದನಿ.

“ಬೂಟಲ್ಲಿ ಸಾರ್! ಎರಡೂ ತುಂಬಿದೆ!”

“ಆಚೆ ಯಾಕೆ ಬರ್ತಿಲ್ಲ?”

“ಹೇಗೆ ಬರುತ್ತೆ ಸಾರ್, ಕೆಳಗಡೆ ನಾನೇ ಟೇಪು...”

ಮಾತು ನಿಂತಿತು. ಭಾವನ ಮಾತಿನಲ್ಲೇ ಒಂದು ಸಂದು! ಅದನ್ನು ಮುಚ್ಚಲು ಯಾರೂ ಇರಲಿಲ್ಲ. ಅವರು ಬೂಟು ನೋಡಿದರು, ಕಲ್ಲುಗೋಡೆಯ ಬುಡ ನೋಡಿದರು, ಮತ್ತೆ ಬೂಟು ನೋಡಿದರು.

ಅಷ್ಟರಲ್ಲಿ ನನ್ನ ವ್ಯಾನಿನ ಹಿಂದೆ ಬಂದ ಕಸದ ಲಾರಿ ಹಾರ್ನು ಹೊಡೆಯಿತು. ಬೀದಿಯಲ್ಲೂ ಹೊಡೆಯಿತು, ಭಾವನ ಫೋನಿನಲ್ಲೂ ಹೊಡೆಯಿತು.

ಪಚಕ್ ಪಚಕ್ ಎನ್ನುತ್ತ ಹೆಜ್ಜೆಗಳು ಗೇಟು ದಾಟಿದವು. ನೀರು ತೊಟ್ಟಿಕ್ಕುವ ಮುಖವೊಂದು ವ್ಯಾನಿನ ಕಿಟಕಿಗೆ ಬಂತು.

“ಪರೀಕ್ಷೆ ಮುಗೀತು ಸಾರ್,” ಎಂದೆ, ಗಾಬರಿಯಲ್ಲಿ ಅದೇ ಮಡಕೆದನಿಯಲ್ಲಿ.

“ಚಾಕು ಕೊಡೋ.”

ಕುಲದೇವರನ್ನು ನೆನೆದು ಕೊಟ್ಟೆ. ಭಾವ ನೆಟ್ಟಗೆ ಗೋಡೆಯ ಬಳಿ ಹೋಗಿ, ಮೊಣಕಾಲೂರಿ, ತಾವೇ ಬಳಿದ ಸಿಲಿಕಾನನ್ನು ಉದ್ದಕ್ಕೂ ಸೀಳಿದರು. ಗೋಡೆ ಕಂದು ನೀರನ್ನು ಕಾರಿತು. ಬಳಿಕ ಬೂಟಿನ ಟೇಪು ಸೀಳಿದರು. ಎರಡೂ ಕಡೆಯ ನೀರು ಅಂಗಳದಲ್ಲಿ ಸೇರಿ ಒಂದೇ ಕಾಲುವೆಯಾಗಿ ಹರಿಯಿತು.

ಭಾವ ಫೋನೆತ್ತಿ ಆಳುಗಳ ಮೇಸ್ತ್ರಿಗೆ ಹಚ್ಚಿ, ಮಡಕೆಯೊಳಗೆ ಮುಖವಿಟ್ಟವರ ದನಿ ತೆಗೆದರು:

“ಫ್ಯಾಕ್ಟರಿಯ ಪರೀಕ್ಷಾ ವಿಭಾಗ. ನಾಳೆ ಬರಬೇಡಿ. ಆ ಮನೆಯ ಬಿರಡೆ ಇವತ್ತೇ ಕಿತ್ತುಹೋಯ್ತು.”

ಆ ಅಡ್ಡಹೆಸರು ಅವರಿಗೆ ಯಾವತ್ತಿನಿಂದ ಗೊತ್ತಿತ್ತೋ! ಅಕ್ಕ ನಕ್ಕಳು, ಆಮೇಲೆ ನಾನೂ ನಕ್ಕೆ. ಆದರೆ ಒದ್ದೆ ಅಂಗಳದಲ್ಲಿ ಕೂತೇಬಿಟ್ಟ ಭಾವನ ನಗುವಿನೆದುರು ನಮ್ಮಿಬ್ಬರದೂ ಕೇಳಿಸಲೇ ಇಲ್ಲ.